ರೆಂಡರ್ ಮಧ್ಯೆ ಡೆಸ್ಕ್‌ಟಾಪ್ ಸತ್ತುಹೋಯ್ತು, ಬಟನ್ ಒತ್ತಿದರೆ ಫ್ಯಾನ್ ಒಂದು ಸಲ ಅಲುಗಿ ನಿಲ್ಲುತ್ತೆ

ಚಿತ್ರಸಂಕಲನ

ಎಲ್ಲರಿಗೂ ನಮಸ್ಕಾರ. ಉದ್ದದ ಒಂದು ವಿಡಿಯೋ ರೆಂಡರ್‌ಗೆ ಬಿಟ್ಟಿದ್ದೆ. ಅರ್ಧದಲ್ಲಿ ‘ಟಪ್’ ಅಂತ ಸಣ್ಣ ಸದ್ದಾಗಿ ಮೆಷಿನ್ ಪೂರ್ತಿ ಆಫ್ ಆಯ್ತು. ಕರೆಂಟ್ ಹೋಗಿರಲಿಲ್ಲ, ಮಾನಿಟರ್, ರೂಟರ್ ಎಲ್ಲ ಓಡ್ತಾನೇ ಇದ್ವು. ಈಗ ಪವರ್ ಬಟನ್ ಒತ್ತಿದರೆ ಫ್ಯಾನ್‌ಗಳು ಒಂಚೂರು ಅಲುಗಿ ನಿಂತುಬಿಡ್ತವೆ. ಬೋರ್ಡಿನ ಲೈಟ್ ಮಿಣುಕಿ ಆರಿಹೋಗುತ್ತೆ. ಮತ್ತೆ ಒತ್ತಿದರೆ ಅದೂ ಇಲ್ಲ. ವೈರ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಪುನಃ ಅದೇ ಒಂದು ಅಲುಗಾಟ.

ಹದಿನಾರು ಕೋರ್ ಪ್ರೊಸೆಸರ್, ಕಡಿಮೆ ದರ್ಜೆಯ ಮದರ್‌ಬೋರ್ಡ್, 32 ಜಿಬಿ ಡಿಡಿಆರ್5 ರ‍್ಯಾಮ್, 750 ವ್ಯಾಟ್ ಮಾಡ್ಯುಲರ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬ, ಕೇಬಲ್ ಬಿಚ್ಚಿ ಹಾಕುವಂಥದ್ದು), ಒಂದು ಗ್ರಾಫಿಕ್ಸ್ ಕಾರ್ಡ್, ಒಂದು ಎಂ.2 ಎಸ್‌ಎಸ್‌ಡಿ, ಒಂದು ಹಳೇ ಹಾರ್ಡ್ ಡಿಸ್ಕ್. ಎಸ್‌ಎಂಪಿಎಸ್ ಹೋಗಿದೆ, ಹೊಸದು ಹಾಕು ಅಂತ ಗೆಳೆಯರು ಹೇಳ್ತಿದ್ದಾರೆ. ಹಾಕಿಬಿಡೋದಾ? ಕೆಲಸದ ಫೈಲುಗಳೆಲ್ಲ ಆ ಎಸ್‌ಎಸ್‌ಡಿಯಲ್ಲೇ ಇವೆ, ನನಗೆ ಅದೇ ಚಿಂತೆ.

ನಿಶಾಚರ

ಮೊದಲು ಪೇಪರ್ ಕ್ಲಿಪ್ ಟೆಸ್ಟ್ ಮಾಡಿ ಗುರು. 24 ಪಿನ್ ಕನೆಕ್ಟರನ್ನ ಬೋರ್ಡಿನಿಂದ ತೆಗೆದು, ಹಸಿರು ವೈರನ್ನೂ ಪಕ್ಕದ ಕಪ್ಪು ವೈರನ್ನೂ ಕ್ಲಿಪ್‌ನಿಂದ ಸೇರಿಸಿ, ಆಮೇಲೆ ಸ್ವಿಚ್ ಹಾಕಿ. ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಓಕೆ, ಬೋರ್ಡ್ ಡೆಡ್. ತಿರುಗದೇ ಇದ್ದರೆ ಎಸ್‌ಎಂಪಿಎಸ್ ಡೆಡ್. ಐದು ನಿಮಿಷದ ಕೆಲಸ.

ಸರ್ಕಿಟ್‌ಪ್ರಿಯೆ

ಏನನ್ನೂ ಕೊಳ್ಳಬೇಡಿ, ಇನ್ನೊಂದು ಸಲ ಬಟನ್ ಒತ್ತಲೂ ಬೇಡಿ. ಮೊದಲು ವೈರ್ ಕಿತ್ತು ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಎರಡನ್ನೂ ಹೊರಗೆ ತೆಗೆದಿಡಿ. ಮುಂದೆ ಎಷ್ಟೋ ಸಲ ಪವರ್ ಕೊಟ್ಟು ನೋಡಬೇಕಾಗುತ್ತೆ, ಅಷ್ಟು ಹೊತ್ತೂ ಡಿಸ್ಕುಗಳು ಅಲ್ಲಿರಬೇಕಾದ ಅಗತ್ಯವೇ ಇಲ್ಲ. ಬೋರ್ಡು, ಪ್ರೊಸೆಸರ್ ಹೋದರೆ ಬೇರೆ ಬರುತ್ತೆ, ನಿಮ್ಮ ಫೈಲ್ ಬರಲ್ಲ. ಎಂ.2ಗೆ ಯುಎಸ್‌ಬಿ ಎನ್‌ಕ್ಲೋಷರ್ (ಡಿಸ್ಕ್ ಹಾಕುವ ಡಬ್ಬಿ) ಸಿಗುತ್ತೆ, ಅದರಲ್ಲಿ ಹಾಕಿ ಬೇರೆ ಕಂಪ್ಯೂಟರ್‌ನಲ್ಲಿ ಓದಿ ಕಾಪಿ ಮಾಡಿಕೊಳ್ಳಿ.

ವಿಂಡೋಸ್ 11 ಆಗಿದ್ದರೆ ಇನ್ನೊಂದು ವಿಷಯ. ಎಷ್ಟೋ ಮೆಷಿನ್‌ಗಳಲ್ಲಿ ನಮಗೆ ಗೊತ್ತಿಲ್ಲದೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತೆ (ಕೀಲಿ ಇಲ್ಲದೆ ಓದಲಾಗಲ್ಲ), ಅದರ ಕೀಲಿಯನ್ನು ಕಾಯೋದು ಆ ಮೆಷಿನ್ನಿನ ಟಿಪಿಎಂ ಅನ್ನೋ ಭದ್ರತಾ ಚಿಪ್. ಡಿಸ್ಕನ್ನು ಬೇರೆ ಕಡೆ ಹಾಕಿದ ಕೂಡಲೇ ಬಿಟ್‌ಲಾಕರ್ (ವಿಂಡೋಸ್‌ನ ಎನ್‌ಕ್ರಿಪ್ಷನ್) 48 ಅಂಕಿಯ ರಿಕವರಿ ಕೀ ಕೇಳುತ್ತೆ. ಡಿಸ್ಕ್ ಕೆಟ್ಟಿತು ಅಂತ ಗಾಬರಿಯಾಗಿ ಫಾರ್ಮ್ಯಾಟ್ ಮಾಡಿಬಿಡ್ತಾರೆ, ಅದನ್ನು ನೆನೆಸಿಕೊಂಡರೇ ಸಂಕಟ ಆಗುತ್ತೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗ್ತಿದ್ದರೆ ಸಾಮಾನ್ಯವಾಗಿ ಕೀ ಅಲ್ಲೇ ಸೇವ್ ಆಗಿರುತ್ತೆ. ಫೋನಿನಿಂದ ಲಾಗಿನ್ ಆಗಿ ಈಗಲೇ ಬರೆದಿಟ್ಟುಕೊಳ್ಳಿ.

ನಿಶಾಚರ ಅವರೇ, ಕ್ಲಿಪ್ ಟೆಸ್ಟ್ ಮಾಡಲಿ, ಆದರೆ ಅದರಿಂದ ಗೊತ್ತಾಗೋದು ಎಸ್‌ಎಂಪಿಎಸ್ ಲೋಡ್ ಇಲ್ಲದೆ ಎದ್ದು ನಿಲ್ಲುತ್ತಾ ಅನ್ನೋದು ಮಾತ್ರ. 12 ವೋಲ್ಟ್ ಲೈನ್ ಮೇಲೆ ಭಾರ ಬಿದ್ದಾಗ ಕುಸಿಯುವ ಎಸ್‌ಎಂಪಿಎಸ್‌ಗಳೂ ಈ ಟೆಸ್ಟ್ ಪಾಸಾಗ್ತವೆ. ಈಗಿನ ಕೆಲವು ಮಾಡೆಲ್‌ಗಳಲ್ಲಿ ಲೋಡ್ ಕಡಿಮೆ ಇದ್ದಾಗ ಫ್ಯಾನ್ ತಿರುಗೋದೇ ಇಲ್ಲ, ಹಾಗಾಗಿ ಒಂದು ಕ್ಯಾಬಿನೆಟ್ ಫ್ಯಾನ್ ಸಿಕ್ಕಿಸಿ ನೋಡಬೇಕು. ಕೇಬಲ್ ಪೂರ್ತಿ ಕಪ್ಪಾಗಿದ್ದರೆ ಬಣ್ಣ ನಂಬೋ ಹಾಗಿಲ್ಲ. ಹಸಿರು ಅಂದರೆ 16ನೇ ಪಿನ್, ಎರಡೂ ಪಕ್ಕ ಗ್ರೌಂಡ್. ಪಿನ್ ಚಿತ್ರ ನೋಡದೆ ಅಂದಾಜಿನ ಮೇಲೆ ಸೇರಿಸಬೇಡಿ.

ತಂತಿಜಾಲ

ಫ್ಯಾನ್ ಒಂಚೂರು ಅಲುಗಿ ನಿಲ್ಲೋದು, ವೈರ್ ಕೀಳುವವರೆಗೆ ಮತ್ತೆ ಏಳದೇ ಇರೋದು, ಇದು ಸತ್ತ ಎಸ್‌ಎಂಪಿಎಸ್ ಲಕ್ಷಣ ಅಂತ ನನಗೆ ಅನ್ನಿಸ್ತಿಲ್ಲ. ಮುಂದೆ ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ಅದನ್ನು ಕಂಡು ತನ್ನ ರಕ್ಷಣೆಗೆ ಲಾಕ್ ಆಗ್ತಿದೆ. ಒಳ್ಳೇ ಎಸ್‌ಎಂಪಿಎಸ್ ಮಾಡಬೇಕಾದ ಕೆಲಸವೇ ಅದು.

ಹಾಗಿದ್ದರೆ ಶಾರ್ಟ್ ಯಾವ ಕೊಂಬೆಯಲ್ಲಿ ಇದೆ ಅಂತ ಹುಡುಕಬೇಕು. ಒಂದೊಂದೇ ತೆಗೆಯುತ್ತಾ ಬನ್ನಿ, ಪ್ರತಿ ಸಲವೂ ವೈರ್ ಕಿತ್ತು ಒಂದೆರಡು ನಿಮಿಷ ಬಿಟ್ಟು ಬಟನ್ ಒತ್ತಿ. ಮೊದಲು ಹಾರ್ಡ್ ಡಿಸ್ಕ್ (ಅದರ ಬೋರ್ಡಿನಲ್ಲಿರುವ ರಕ್ಷಣೆಯ ಡಯೋಡ್ ಶಾರ್ಟ್ ಆದರೆ ಅದೊಂದೇ ಇಡೀ ಮೆಷಿನ್ನನ್ನು ಏಳಗೊಡಲ್ಲ), ಆಮೇಲೆ ಗ್ರಾಫಿಕ್ಸ್ ಕಾರ್ಡ್, ಆಮೇಲೆ ಮುಂದಿನ ಯುಎಸ್‌ಬಿ ಹೆಡರ್‌ಗಳು, ಕೊನೆಗೆ ಪ್ರೊಸೆಸರ್‌ಗೆ ಹೋಗುವ 8 ಪಿನ್. ಯಾವುದನ್ನು ತೆಗೆದಾಗ ಫ್ಯಾನ್ ನಿಲ್ಲದೆ ಓಡುತ್ತೋ ಅಲ್ಲಿದೆ ಗಂಟು.

ಹೊಸಬ_77

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದೂ ಇಂಥದ್ದೇ, ಆದರೆ ನನ್ನ ಮೆಷಿನ್‌ನಲ್ಲಿ ಅಲುಗಾಟವೂ ಇಲ್ಲ, ಲೈಟೂ ಇಲ್ಲ. ನಿನ್ನೆ ರಾತ್ರಿ ಸರಿಯಾಗಿ ಶಟ್‌ಡೌನ್ ಮಾಡಿದ್ದೆ, ಬೆಳಿಗ್ಗೆ ಜೀವವೇ ಇಲ್ಲ. ಇದೂ ಶಾರ್ಟೇನಾ?

ಸರ್ಕಿಟ್‌ಪ್ರಿಯೆ

ಹೊಸಬ ಅವರೇ, ನಿಮ್ಮದು ಬೇರೆ ದಾರಿ. ವಾಲ್ ಸಾಕೆಟ್‌ಗೆ ಬೇರೇನಾದರೂ ಹಾಕಿ ನೋಡಿ, ಸ್ಪೈಕ್ ಬಸ್ಟರ್ ಬಿಟ್ಟು ನೇರ ಕೊಡಿ, ಪವರ್ ಕಾರ್ಡ್ ಬದಲಿಸಿ, ಹಿಂದಿನ ಸ್ವಿಚ್ ನೋಡಿ. ಮಾನಿಟರ್‌ನ ಕಾರ್ಡೇ ಸಾಮಾನ್ಯವಾಗಿ ಇದಕ್ಕೂ ಆಗುತ್ತೆ.

ಅದೆಲ್ಲ ಸರಿ ಇದ್ದರೆ ಮಲ್ಟಿಮೀಟರ್ ತಗೊಳ್ಳಿ. ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್ ಇರುವಷ್ಟು ಹೊತ್ತು 24 ಪಿನ್‌ನ ನೇರಳೆ ವೈರಿನಲ್ಲಿ, ಅಂದರೆ 9ನೇ ಪಿನ್‌ನಲ್ಲಿ, 5 ವೋಲ್ಟ್ ಇರಲೇಬೇಕು. ಅದು ಸ್ಟ್ಯಾಂಡ್‌ಬೈ ಲೈನ್. ಬೋರ್ಡಿನಲ್ಲಿ ಬಟನ್ ಒತ್ತಿದ್ದನ್ನು ಗಮನಿಸುವ ಭಾಗಕ್ಕೆ ಅನ್ನ ಹಾಕೋದು ಅದೇ. ಕನೆಕ್ಟರ್ ಬೋರ್ಡಿನಲ್ಲಿ ಇದ್ದಂತೆಯೇ ಹಿಂಬದಿಯಿಂದ ಪ್ರೋಬ್ ಚುಚ್ಚಿ ಅಳೆಯಬಹುದು. 4.75ರಿಂದ 5.25ರ ನಡುವೆ ಬರಬೇಕು. ಸೊನ್ನೆ ಬಂದರೆ ಕನೆಕ್ಟರ್ ಕಿತ್ತು ಮತ್ತೆ ಅಳೆಯಿರಿ. ಆಗಲೂ ಸೊನ್ನೆಯೇ ಆದರೆ ಎಸ್‌ಎಂಪಿಎಸ್ ಹೋಗಿದೆ. ಕಿತ್ತಾಗ 5 ಬಂದು ಹಾಕಿದಾಗ ಮಾಯ ಆದರೆ ಬೋರ್ಡ್ ಅದನ್ನು ಎಳೆದು ಬೀಳಿಸ್ತಿದೆ.

ನೇರಳೆಯಲ್ಲಿ 5 ಇದ್ದರೆ ಹಸಿರು ವೈರ್ ನೋಡಿ. ಬಟನ್ ಒತ್ತುವ ಮೊದಲು ಅದರಲ್ಲಿ ವೋಲ್ಟೇಜ್ ಇರುತ್ತೆ, ಒತ್ತಿದಾಗ ಬೋರ್ಡ್ ಅದನ್ನು ಸೊನ್ನೆಯ ಹತ್ತಿರಕ್ಕೆ ಎಳೀಬೇಕು. ಎಳೆದರೂ ಎಸ್‌ಎಂಪಿಎಸ್ ಏಳದಿದ್ದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ಎಳೆಯದೇ ಇದ್ದರೆ ತಪ್ಪು ಬೋರ್ಡಿನದ್ದೋ ಬಟನ್ನಿನದ್ದೋ. ಬಟನ್ನಿನ ವೈರ್ ತೆಗೆದು ಬೋರ್ಡಿನ ಆ ಎರಡು ಪಿನ್ನನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಬಟನ್ ಮೇಲಿನ ಅನುಮಾನ ಮುಗಿಯುತ್ತೆ.

ಇಬ್ಬರಿಗೂ ಸೇರಿಸಿ ಹೇಳ್ತೀನಿ, ಎಸ್‌ಎಂಪಿಎಸ್ ಡಬ್ಬ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲೆ ಡಿಸಿ ಇರುತ್ತೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಹೊರಗೆ ಬರುವ ವೈರ್‌ಗಳಲ್ಲಿ ಅಳೆದರೆ ಸಾಕಾಗುತ್ತೆ.

ಚಿತ್ರಸಂಕಲನ

ಡಿಸ್ಕ್ ಎರಡೂ ತೆಗೆದೆ. ರಿಕವರಿ ಕೀ ಅಕೌಂಟ್‌ನಲ್ಲಿ ಇತ್ತು, ಬರೆದುಕೊಂಡೆ. ಮೇಡಂ, ಈ ಮಾತು ನೀವು ಹೇಳದಿದ್ದರೆ ನನಗೆ ಹೊಳೀತಾನೇ ಇರಲಿಲ್ಲ.

ಕ್ಲಿಪ್ ಹಾಕಿದರೆ ಎಸ್‌ಎಂಪಿಎಸ್ ನಿಲ್ಲದೆ ಓಡ್ತಿದೆ. ತಂತಿಜಾಲ ಸರ್ ಹೇಳಿದ ಹಾಗೆ ಒಂದೊಂದೇ ತೆಗೆದೆ. ಗ್ರಾಫಿಕ್ಸ್ ಕಾರ್ಡ್ ತೆಗೆದರೂ ಅದೇ ಅಲುಗಾಟ. ಪ್ರೊಸೆಸರ್‌ನ 8 ಪಿನ್ ಕಿತ್ತು ಒತ್ತಿದೆ, ಫ್ಯಾನ್‌ಗಳು ಓಡಿದವು! ಡಿಸ್ಪ್ಲೇ ಇಲ್ಲ, ಆದರೆ ಓಡ್ತಿವೆ. ಬೋರ್ಡಿನಲ್ಲಿ ಸಿಪಿಯು ಅಂತ ಬರೆದಿರುವ ಕೆಂಪು ಲೈಟ್ ಉರೀತಿದೆ.

ನಿಶಾಚರ

ಅಲ್ಲಿಗೆ ಪ್ರೊಸೆಸರ್ ಹೋಗಿದೆ. ಯಾರದಾದರೂ ಅದೇ ಸಾಕೆಟ್‌ನ ಪ್ರೊಸೆಸರ್ ತಂದು ಹಾಕಿ ನೋಡಿ, ಎದ್ದರೆ ಖಾತ್ರಿ.

ತಂತಿಜಾಲ

ಬೇಡ, ದಯವಿಟ್ಟು ಬೇಡ. ಆ ಕೆಂಪು ಲೈಟಿಗೆ ಈಗ ಅರ್ಥವಿಲ್ಲ. 8 ಪಿನ್ ಕಿತ್ತ ಮೇಲೆ ಪ್ರೊಸೆಸರ್‌ಗೆ ಕರೆಂಟೇ ಹೋಗಲ್ಲ, ಲೈಟ್ ಉರಿಯಲೇಬೇಕು.

ಆ 8 ಪಿನ್‌ನಲ್ಲಿ ಬರೋದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾಗಿರೋದು ಸುಮಾರು ಒಂದು ವೋಲ್ಟ್. ಸಾಕೆಟ್ ಪಕ್ಕದಲ್ಲಿ ಚೌಕದ ಚೋಕ್‌ಗಳ (ತಂತಿ ಸುರುಳಿಗಳ) ಸಾಲು ಇದೆಯಲ್ಲ, ಅದರ ಬೆನ್ನಿಗೆ ಹೀಟ್‌ಸಿಂಕ್ ಕೆಳಗೆ ಮಾಸ್‌ಫೆಟ್ ಅನ್ನೋ ಸ್ವಿಚ್‌ನಂಥ ಚಿಪ್‌ಗಳಿರ್ತವೆ. 12ನ್ನು ಇಳಿಸುವ ಕೆಲಸ ಅವುಗಳದ್ದು. ಪ್ರತಿ ಫೇಸ್‌ನಲ್ಲೂ (ಹೀಗೆ ಇಳಿಸುವ ಒಂದೊಂದು ಘಟಕದಲ್ಲೂ) ಮೇಲಿನದೊಂದು 12 ವೋಲ್ಟ್ ಕಡೆಗೆ, ಕೆಳಗಿನದೊಂದು ಗ್ರೌಂಡ್ ಕಡೆಗೆ. ಇವೆರಡೂ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಸರದಿಯಂತೆ ಆನ್ ಆಗ್ತವೆ. ಮಾಸ್‌ಫೆಟ್ ಸಾಯುವಾಗ ಹೆಚ್ಚಾಗಿ ಶಾರ್ಟ್ ಆಗಿಯೇ ಸಾಯೋದು. ಮೇಲಿನದು ಶಾರ್ಟ್ ಆಗಿದ್ದರೆ ನೀವು ತಂದು ಹಾಕುವ ಒಳ್ಳೇ ಪ್ರೊಸೆಸರ್ ಮೇಲೆ 12 ವೋಲ್ಟ್ ನೇರ ಬಂದು ಕೂರುತ್ತೆ. ಗೆಳೆಯರ ಪ್ರೊಸೆಸರ್ ಕಳಕೊಂಡು, ನಮ್ಮ ಬೋರ್ಡಿನ ರೋಗವೂ ಗೊತ್ತಾಗದೆ ಉಳಿಯುತ್ತೆ. ಅನುಮಾನ ಇರುವ ಬೋರ್ಡಿಗೆ ಒಳ್ಳೇ ಪಾರ್ಟ್ ಹಾಕಿ ಪರೀಕ್ಷೆ ಮಾಡೋದು ನನ್ನ ಪ್ರಕಾರ ಕೊನೇ ಉಪಾಯ, ಅದೂ ಅಳೆದು ನೋಡಿದ ಮೇಲೆ.

ಈಗ ಅಳತೆ. ಎಲ್ಲ ವೈರ್ ಕಿತ್ತು, ಬಟನ್ ಒಂದೆರಡು ಸಲ ಒತ್ತಿ ಉಳಿದ ಚಾರ್ಜ್ ಇಳಿಸಿ. ಮೀಟರನ್ನು ಓಮ್ಸ್‌ನಲ್ಲಿಡಿ. ಬೀಪ್ ಮೋಡ್ ಬೇಡ, ಹತ್ತಾರು ಓಮ್ ಇದ್ದರೂ ಕೂಗುವ ಮೀಟರ್‌ಗಳಿವೆ. ಮೊದಲು ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿ ಎಷ್ಟು ತೋರಿಸುತ್ತೆ ನೋಡಿ, ಅಷ್ಟನ್ನು ಕಳೀಬೇಕು. ಆಮೇಲೆ ಬೋರ್ಡಿನ 8 ಪಿನ್ ಸಾಕೆಟ್‌ನಲ್ಲಿ ಕ್ಲಿಪ್ ಕಚ್ಚುವ ಬದಿಯ ಸಾಲು 12 ವೋಲ್ಟ್, ಎದುರಿನ ಸಾಲು ಗ್ರೌಂಡ್. ಅವೆರಡರ ನಡುವೆ ಅಳೆಯಿರಿ. ಚೆನ್ನಾಗಿರುವ ಬೋರ್ಡಿನಲ್ಲಿ ಕೆಪ್ಯಾಸಿಟರ್ ತುಂಬುತ್ತಾ ಮೀಟರಿನ ಓದು ನಿಧಾನಕ್ಕೆ ಏರುತ್ತೆ, ನೂರಾರು ಓಮ್‌ಗೋ ಕಿಲೋ ಓಮ್‌ಗೋ ಹೋಗಿ ನಿಲ್ಲುತ್ತೆ. ಒಂದೆರಡು ಓಮ್‌ನಲ್ಲೇ ಅಂಟಿಕೊಂಡಿದ್ದರೆ ಶಾರ್ಟ್.

ಅಳೆಯುವಾಗ ಚೋಕ್‌ಗಳ ಮೇಲೆ ಪ್ರೋಬ್ ಇಟ್ಟು ಗಾಬರಿಯಾಗಬೇಡಿ. ಅದು ಪ್ರೊಸೆಸರ್ ಕಡೆಯ ಲೈನ್, ಪ್ರೊಸೆಸರ್ ಕೂತಿದ್ದರೆ ಆರೋಗ್ಯವಾಗಿದ್ದಾಗಲೂ ಅಲ್ಲಿ ತೀರಾ ಕಡಿಮೆ ಓಮ್ ಬರೋದು ಸಹಜ.

ಬೆಸುಗೆ

ತಂತಿಜಾಲ ಅವರ ಮಾತಿಗೆ ಒಂದು ಸೇರಿಸ್ತೀನಿ. ಶಾರ್ಟ್ ಸಿಕ್ಕರೆ ಪ್ರೊಸೆಸರ್ ತೆಗೆದು ಮತ್ತೊಮ್ಮೆ ಅಲ್ಲೇ ಅಳೆಯಿರಿ. ತೆಗೆದ ಮೇಲೆ ಓದು ಏರಿಬಿಟ್ಟರೆ ಮೇಲಿನ ಮಾಸ್‌ಫೆಟ್ ಮಾತ್ರ ಶಾರ್ಟ್ ಆಗಿ, 12 ವೋಲ್ಟ್ ಪ್ರೊಸೆಸರ್ ಮೂಲಕ ಗ್ರೌಂಡ್‌ಗೆ ದಾರಿ ಮಾಡಿಕೊಂಡಿತ್ತು ಅಂತ. ಪ್ರೊಸೆಸರ್‌ಗೆ ಅದು ಕೆಟ್ಟ ಸುದ್ದಿ. ತೆಗೆದ ಮೇಲೂ ಶಾರ್ಟ್ ಹಾಗೇ ಇದ್ದರೆ ಎರಡೂ ಮಾಸ್‌ಫೆಟ್ ಹೋಗಿರಬೇಕು, ಇಲ್ಲವೇ 12 ವೋಲ್ಟ್ ಲೈನಿನ ಯಾವುದೋ ಸಣ್ಣ ಸೆರಾಮಿಕ್ ಕೆಪ್ಯಾಸಿಟರ್. ಆಗ ಪ್ರೊಸೆಸರ್ ಬದುಕಿರುವ ಸಾಧ್ಯತೆ ಚೆನ್ನಾಗಿದೆ. ವೋಲ್ಟೇಜ್ ಮೀರಿದ್ದು ಗೊತ್ತಾದರೆ ಕಂಟ್ರೋಲರ್ ಚಿಪ್ ಕೆಳಗಿನ ಮಾಸ್‌ಫೆಟ್‌ಗಳನ್ನೆಲ್ಲ ಒಟ್ಟಿಗೆ ಆನ್ ಮಾಡಿ ಲೈನನ್ನು ಗ್ರೌಂಡ್‌ಗೆ ಕೆಡವುತ್ತೆ, ಎಸ್‌ಎಂಪಿಎಸ್ ಲಾಕ್ ಆಗುತ್ತೆ. ತಾನು ಸತ್ತು ಪ್ರೊಸೆಸರ್ ಉಳಿಸಿದ ಬೋರ್ಡುಗಳು ನನ್ನ ಮೇಜಿನ ಮೇಲೆ ಬಂದಿವೆ.

ಕಣ್ಣಿಗೆ ಕಾಣುವ ಗುರುತನ್ನು ಹೆಚ್ಚು ನಂಬಬೇಡಿ. 2000ದ ದಶಕದ ಮೊದಲ ವರ್ಷಗಳಲ್ಲಿ ಕೆಪ್ಯಾಸಿಟರ್ ತಲೆ ಉಬ್ಬಿ, ಒಡೆದು, ಕಂದು ದ್ರವ ಸೋರಿದ್ದು ಎದ್ದು ಕಾಣ್ತಿತ್ತು. ಈಗಿನ ಬೋರ್ಡುಗಳಲ್ಲಿ ಹೆಚ್ಚಾಗಿ ಇರೋದು ಪಾಲಿಮರ್ ಕೆಪ್ಯಾಸಿಟರ್‌ಗಳು, ಅವು ಉಬ್ಬೋದು ಅಪರೂಪ. ನೋಡೋಕೆ ಹೊಸದರಂತಿರುವ ಬೋರ್ಡ್ ಪೂರ್ತಿ ಶಾರ್ಟ್ ಆಗಿರಬಹುದು. ಮೂಗು ಮಾತ್ರ ಉಪಯೋಗಕ್ಕೆ ಬರುತ್ತೆ. ಸುಟ್ಟ ವಾಸನೆ ಎಲ್ಲಿ ಗಾಢವಾಗಿದೆ ಅಂತ ಹತ್ತಿರ ಹೋಗಿ ನೋಡಿ.

ಚಿತ್ರಸಂಕಲನ

ಮೀಟರ್ ಎರವಲು ತಂದೆ. ಪ್ರೋಬ್ ಎರಡೂ ಮುಟ್ಟಿಸಿದಾಗ 0.3. ಎಂಟು ಪಿನ್‌ನಲ್ಲಿ 0.7. ಪ್ರೊಸೆಸರ್ ತೆಗೆದ ಮೇಲೂ 0.7. ವಾಸನೆ ಮೇಲಿನ ಹೀಟ್‌ಸಿಂಕ್‌ನ ಎಡ ತುದಿಯಲ್ಲಿದೆ. ಸ್ಕ್ರೂ ಬಿಚ್ಚಿ ನೋಡಿದೆ, ಒಂದು ಚಿಪ್ ಮೇಲೆ ಸೂಜಿಮೊನೆಯಷ್ಟು ತೂತಿದೆ, ಸುತ್ತ ಸ್ವಲ್ಪ ಕಂದು.

ಅಲ್ಲಿಗೆ ಬೋರ್ಡ್ ಅಂತ ತೀರ್ಮಾನ. ಮನಸ್ಸಿಗೆ ಬೇಜಾರಾದರೂ ಏನಾಗಿದೆ ಅಂತ ಗೊತ್ತಾಗಿದ್ದು ಎಷ್ಟೋ ಸಮಾಧಾನ. ಪ್ರೊಸೆಸರ್ ಕೆಳಭಾಗದಲ್ಲಿ ಸುಟ್ಟ ಗುರುತು ಕಾಣ್ತಿಲ್ಲ. ಹೊಸ ಬೋರ್ಡಿಗೆ ಇದೇ ಪ್ರೊಸೆಸರ್ ಹಾಕಬಹುದಾ? ಜೊತೆಗೆ ಬೇರೆ ಎಸ್‌ಎಂಪಿಎಸ್ ಕೂಡ ಹಾಕೋಣ ಅಂತಿದ್ದೀನಿ, ಒಬ್ಬರು ಕೊಡ್ತೀನಿ ಅಂದಿದ್ದಾರೆ. ಅದೂ ಮಾಡ್ಯುಲರ್. ಈಗಿರುವ ಕೇಬಲ್‌ಗಳನ್ನು ಹಾಗೇ ಬಿಟ್ಟು ಡಬ್ಬ ಮಾತ್ರ ಬದಲಿಸಿದರೆ ಸಾಕಲ್ವಾ?

ಸರ್ಕಿಟ್‌ಪ್ರಿಯೆ

ಸಾಕಾಗಲ್ಲ, ಹಾಗೆ ಮಾಡಲೇಬೇಡಿ! ಮಾಡ್ಯುಲರ್ ಕೇಬಲ್‌ನ ಬೋರ್ಡ್ ಕಡೆಯ ತುದಿಗೆ ಮಾತ್ರ ನಿಯಮ ಇದೆ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್‌ನಲ್ಲಿ ಏನು ಬರಬೇಕು ಅನ್ನೋದು ಆಯಾ ಕಂಪನಿಯ ಇಷ್ಟ. ಒಂದೇ ಕಂಪನಿಯ ಎರಡು ಮಾಡೆಲ್ ನಡುವೆಯೂ ಬೇರೆ ಇರಬಹುದು. ಪ್ಲಗ್ ಸಲೀಸಾಗಿ ಕೂರುತ್ತೆ, 5 ವೋಲ್ಟ್ ಇರಬೇಕಾದ ಕಡೆ 12 ಬರುತ್ತೆ, ಡಿಸ್ಕ್ ಹೋಗುತ್ತೆ. ಇಷ್ಟು ಜೋಪಾನ ಮಾಡಿ ಹೊರಗಿಟ್ಟ ಡಿಸ್ಕನ್ನು ಕೇಬಲ್‌ಗೆ ಬಲಿ ಕೊಡಬೇಡಿ. ಡಬ್ಬ ಬದಲಾದರೆ ಅದರ ಜೊತೆ ಬಂದ ಕೇಬಲ್‌ಗಳೇ ಬೇಕು, ಎಲ್ಲವೂ.

ತಂತಿಜಾಲ

ಎಸ್‌ಎಂಪಿಎಸ್ ಬದಲಿಸಲು ನನಗೆ ಕಾರಣ ಕಾಣ್ತಿಲ್ಲ. ಶಾರ್ಟ್ ಬಂದಾಗಲೆಲ್ಲ ಅದು ಸರಿಯಾಗಿ ಲಾಕ್ ಆಗಿದೆ. ಆದರೂ ಹೊಸ ಬೋರ್ಡಿಗೆ ಕೊಡುವ ಮೊದಲು ಕ್ಲಿಪ್ ಹಾಕಿ, ಎರಡು ಫ್ಯಾನ್ ಸಿಕ್ಕಿಸಿ ವೋಲ್ಟೇಜ್ ಅಳೆಯಿರಿ. 12ರ ಲೈನ್ 11.4ರಿಂದ 12.6, 5ರದ್ದು 4.75ರಿಂದ 5.25, 3.3ರದ್ದು ಸುಮಾರು 3.14ರಿಂದ 3.46. ಅದರೊಳಗೆ ಇದ್ದರೆ ಹಾಕಿ. ಮೆಷಿನ್ ಎದ್ದ ಮೇಲೆ ರೆಂಡರ್ ಓಡುವಾಗ ಇನ್ನೊಮ್ಮೆ ಅಳೆಯಿರಿ, ಆ ಓದೇ ಮುಖ್ಯ.

ಪ್ರೊಸೆಸರ್ ಹಾಕಬಹುದು. ಪೂರ್ತಿ ಅಪಾಯ ಇಲ್ಲ ಅನ್ನಲಾರೆ, ಆದರೆ ನಿಮ್ಮ ಅಳತೆ ನೋಡಿದರೆ ಅದು ಬದುಕಿರುವ ಸಾಧ್ಯತೆಯೇ ಹೆಚ್ಚು. ಬೋರ್ಡನ್ನು ಕ್ಯಾಬಿನೆಟ್‌ಗೆ ಕೂರಿಸುವ ಮೊದಲು ಅದರ ರಟ್ಟಿನ ಡಬ್ಬದ ಮೇಲಿಟ್ಟು ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್ ಹಾಕಿ ಎಬ್ಬಿಸಿ. ಬೋರ್ಡ್ ಸುತ್ತಿ ಬಂದ ಬೆಳ್ಳಿ ಬಣ್ಣದ ಕವರ್ ಮೇಲೆ ಇಡಬೇಡಿ, ಅದರ ಹೊರಮೈಯಲ್ಲಿ ಕರೆಂಟ್ ಹರಿಯುತ್ತೆ. ಡಿಡಿಆರ್5 ಆದ್ದರಿಂದ ಮೊದಲ ಸಲ ಮೆಮೊರಿ ಟ್ರೇನಿಂಗ್ (ಬೋರ್ಡ್ ರ‍್ಯಾಮ್‌ಗೆ ಹೊಂದಿಕೊಳ್ಳೋದು) ಆಗ್ತಾ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗೇ ಇರಬಹುದು. ಆಗ ಸತ್ತಿದೆ ಅಂದುಕೊಂಡು ಪವರ್ ಕೀಳಬೇಡಿ, ಕಾಯಿರಿ.

ಹೊಸಬ_77

ನನ್ನದು ಅಳೆದೆ. ನೇರಳೆಯಲ್ಲಿ ಸೊನ್ನೆ, ಕನೆಕ್ಟರ್ ಕಿತ್ತು ನೋಡಿದರೂ ಸೊನ್ನೆ. ಬೇರೆ ಎಸ್‌ಎಂಪಿಎಸ್‌ ಅನ್ನು ಅದರದ್ದೇ ಕೇಬಲ್ ಸಮೇತ ಹಾಕಿದೆ, ಮೆಷಿನ್ ಎದ್ದಿತು. ಗಡಿಯಾರ ಮಾತ್ರ ಹಿಂದಕ್ಕೆ ಹೋಗಿತ್ತು.

ಸರ್ಕಿಟ್‌ಪ್ರಿಯೆ

ಸಂತೋಷ! ಗಡಿಯಾರಕ್ಕೆ ಸಿಆರ್2032 ಸೆಲ್ ಬದಲಿಸಿ. 3 ವೋಲ್ಟ್‌ನದ್ದು, ಸ್ಟ್ಯಾಂಡ್‌ಬೈ ಲೈನ್ ಇಲ್ಲದಾಗ ಸಮಯ ಕಾಯೋದು ಅದೊಂದೇ.

ಚಿತ್ರಸಂಕಲನ

ಹೊಸ ಬೋರ್ಡ್ ಬಂತು. ಎಸ್‌ಎಂಪಿಎಸ್ ಹಳೆಯದೇ, ಕೇಬಲ್ ಅದರದ್ದೇ. ರಟ್ಟಿನ ಮೇಲಿಟ್ಟು ಬಟನ್ ಪಿನ್ ಮುಟ್ಟಿಸಿದೆ. ಫ್ಯಾನ್ ಓಡಿತು, ಸ್ಕ್ರೀನ್ ಬಹಳ ಹೊತ್ತು ಕಪ್ಪು. ಕಾಯಿರಿ ಅಂದಿದ್ದು ನೆನಪಿತ್ತು, ಕಾದೆ. ಕೊನೆಗೆ ಬಯಾಸ್ (ಬೋರ್ಡಿನ ಸೆಟ್ಟಿಂಗ್ ಪರದೆ) ಬಂತು, ಪ್ರೊಸೆಸರ್ ಬದುಕಿದೆ! ಎಸ್‌ಎಸ್‌ಡಿ ಹಾಕಿದಾಗ ಹೇಳಿದ ಹಾಗೇ 48 ಅಂಕಿ ಕೇಳಿತು, ಕೊಟ್ಟೆ, ಎಲ್ಲ ಫೈಲೂ ಹಾಗೇ ಇವೆ. ಎಲ್ಲರಿಗೂ ಮನಸಾರೆ ಧನ್ಯವಾದ.

ರೆಂಡರ್ ಓಡುವಾಗ 12ರ ಲೈನ್ 11.9ರಲ್ಲಿ ನಿಂತಿದೆ. ಉಳಿದಿರೋ ಪ್ರಶ್ನೆ ಒಂದೇ. ಹಳೇ ಬೋರ್ಡ್ ಯಾಕೆ ಹೋಯ್ತು, ಇದೂ ಹಾಗೇ ಹೋಗದಂತೆ ಏನು ಮಾಡಲಿ? ಹಳೇದನ್ನು ರಿಪೇರಿ ಮಾಡಿಸಬಹುದಾ?

ಬೆಸುಗೆ

ಸತ್ತ ಮಾಸ್‌ಫೆಟ್ ನೋಡಿ ಇಂಥದ್ದೇ ಕಾರಣ ಅಂತ ಆಣೆ ಇಡೋಕಾಗಲ್ಲ. ಆದರೆ ಹದಿನಾರು ಕೋರ್, ಗಂಟೆಗಟ್ಟಲೆ ರೆಂಡರ್, ಕಡಿಮೆ ಫೇಸ್‌ಗಳ ಬೋರ್ಡ್ ಮೂರೂ ಸೇರಿದ ಕಡೆ ಮೊದಲ ಅನುಮಾನ ಬಿಸಿಯ ಮೇಲೆ. ಗೇಮ್ ಆಡುವಾಗ ಪ್ರೊಸೆಸರ್ ಮೇಲಿನ ಹೊರೆ ಏರಿಳೀತಾ ಇರುತ್ತೆ, ರೆಂಡರ್‌ನಲ್ಲಿ ಒಂದೇ ಸಮ ಇರುತ್ತೆ. ಎಷ್ಟೋ ಬೋರ್ಡುಗಳು ಪ್ರೊಸೆಸರ್ ಕಂಪನಿ ಹೇಳಿದ ಪವರ್ ಮಿತಿಯನ್ನು ಬಯಾಸ್‌ನಲ್ಲಿ ಸಡಿಲ ಬಿಟ್ಟೇ ಬರ್ತವೆ. ಅದನ್ನು ಕಂಪನಿಯ ಮಿತಿಗೆ ತನ್ನಿ. ರೆಂಡರ್ ಸ್ವಲ್ಪ ತಡವಾಗುತ್ತೆ, ಆದರೆ ಪವರ್ ಇಳಿದಷ್ಟು ವೇಗ ಇಳಿಯಲ್ಲ. ಬೋರ್ಡಿನಲ್ಲಿ ವಿಆರ್‌ಎಂ (ಆ ಮಾಸ್‌ಫೆಟ್‌ಗಳಿರುವ ಭಾಗ) ತಾಪದ ಸೆನ್ಸರ್ ಇದ್ದರೆ ರೆಂಡರ್ ಪೂರ್ತಿ ಓಡುವವರೆಗೆ ಅದರ ಮೇಲೆ ಕಣ್ಣಿಡಿ. ನಿಮ್ಮದು ವಾಟರ್ ಕೂಲರ್ ಆಗಿದ್ದರೆ ಇನ್ನೂ ಗಮನ ಬೇಕು. ಸಾಮಾನ್ಯ ಕೂಲರ್‌ನ ಫ್ಯಾನ್ ಗಾಳಿ ಅಕ್ಕಪಕ್ಕದ ಮಾಸ್‌ಫೆಟ್‌ಗಳಿಗೂ ಸ್ವಲ್ಪ ತಾಗುತ್ತೆ, ವಾಟರ್ ಕೂಲರ್‌ನಲ್ಲಿ ಅಲ್ಲಿ ಗಾಳಿ ಆಡೋದೇ ಇಲ್ಲ. ಕ್ಯಾಬಿನೆಟ್ ಮೇಲ್ಭಾಗದಲ್ಲಿ ಹಿಂದಕ್ಕೆ ಎಳೆಯುವ ಒಂದು ಫ್ಯಾನ್ ಇರಲಿ.

ಹಳೇ ಬೋರ್ಡ್ ಎಸೀಬೇಡಿ. ವಾರಂಟಿ ಇನ್ನೂ ಇದ್ದರೆ ಮೊದಲು ಅದನ್ನೇ ಕೇಳಿ, ಬೇರೆಯವರ ಕೈಗೆ ಕೊಟ್ಟ ಮೇಲೆ ಕಂಪನಿ ಒಪ್ಪೋದು ಕಷ್ಟ. ಮುಗಿದಿದ್ದರೆ ರಿಪೇರಿ ಸಾಧ್ಯ, ಆದರೆ ಮನೆಯ ಸಾದಾ ಸೋಲ್ಡರಿಂಗ್ ಐರನ್‌ನಿಂದ ಆಗಲ್ಲ. ಆ ಭಾಗದಲ್ಲಿ ಬೋರ್ಡಿನೊಳಗೆ ತಾಮ್ರದ ದಪ್ಪ ಪದರಗಳಿವೆ, ಕೊಟ್ಟ ಶಾಖವನ್ನೆಲ್ಲ ಎಳೆದುಕೊಳ್ತವೆ. ಕೆಳಗಿನಿಂದ ಪ್ರೀಹೀಟರ್, ಮೇಲಿನಿಂದ ಹಾಟ್ ಏರ್ ಎರಡೂ ಬೇಕು. ತೂತು ಬಿದ್ದ ಚಿಪ್ ತೆಗೆದ ಕೂಡಲೇ 8 ಪಿನ್‌ನಲ್ಲಿ ಮತ್ತೆ ಅಳೆಯಲು ಹೇಳಿ. ಓದು ಕಿಲೋ ಓಮ್‌ಗೆ ಏರಿದರೆ ಆ ಒಂದು ಫೇಸ್ ಸರಿ ಮಾಡಿದರೆ ಸಾಕಾಗಬಹುದು. 0.7ರಲ್ಲೇ ನಿಂತರೆ ಪಕ್ಕದ್ದೂ ಹೋಗಿದೆ. ತೂತಿನ ಕೆಳಗೆ ಬೋರ್ಡಿನ ಪದರವೇ ಸುಟ್ಟು ಕರಿ ಆಗಿದ್ದರೆ ಮಾತ್ರ ಬಿಟ್ಟುಬಿಡಿ.